ದಢೇಸುಗೂರು ಸೀಮೆಯ ಮಾಳಿಗೆ ಮನೆ: ಒಣಬೇಸಾಯದ ವಾಸ್ತು, ಕಾಲುವೆ ಬಂದ ಮೇಲಿನ ಚರಿತ್ರೆ

ತುಂಗಭದ್ರೆಯ ಎಡದಂಡೆಯ ದಢೇಸುಗೂರಿನಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರಿನವರೆಗಿನ ಹಳೆಯ ಊರುಗಳಲ್ಲಿ ಒಕ್ಕಲು ಮನೆ ಎಂದರೆ ಮಣ್ಣಿನ ಮಾಳಿಗೆಯ, ಅಂದರೆ ಮಣ್ಣು ಹೊದಿಸಿದ ಸಮತಟ್ಟು ಛಾವಣಿಯ ಮನೆ. ಇಂಥ ಮನೆಗಳ ಕುರಿತು ಬರೆಯುವವರ ಕಣ್ಣು ಸಾಮಾನ್ಯವಾಗಿ ಕೆತ್ತನೆಯ ತಲೆಬಾಗಿಲಿಗೇ ಅಂಟಿಕೊಳ್ಳುತ್ತದೆ. ಇವುಗಳ ಚರಿತ್ರೆಯನ್ನು ಮಾಳಿಗೆಯ ಮಣ್ಣಿನಲ್ಲಿ, ನೆಲದಡಿಯ ಕಾಳಿನ ಕುಣಿಯಾದ ಹಗೇವಿನಲ್ಲಿ ಓದಬೇಕೆಂಬುದು ನನ್ನ ವಾದ.

ಇಲ್ಲಿನ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಗೋಡೆ ನಿಲ್ಲದು. ಬುನಾದಿಯನ್ನು ಗರಸು ಸಿಗುವವರೆಗೆ ಇಳಿಸಬೇಕು. ಕಲ್ಲು, ಕೆಸರಿನ ಗೋಡೆ ಎರಡು ಮೂರು ಅಡಿ ದಪ್ಪ. ಬೋದಿಗೆ ಹೊತ್ತ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಒತ್ತಾಗಿ ಜೋಡಿಸಿದ ಕಟ್ಟಿಗೆ, ಸೊಪ್ಪು, ಆಮೇಲೆ ಮಣ್ಣು. ಮರ ವಿರಳವಾದ ಬಯಲುಸೀಮೆಯಲ್ಲಿ ಸಿಕ್ಕ ತೊಲೆಯ ಉದ್ದವೇ ಅಂಕಣದ, ಅಂದರೆ ಕಂಬಗಳ ನಡುವಿನ ಜಾಗದ ಅಗಲವನ್ನು ಗೊತ್ತುಮಾಡುತ್ತಿತ್ತು. ಮನೆಯ ಅಳತೆ ಹೇಳುತ್ತಿದ್ದದ್ದೂ ಅಂಕಣಗಳ ಲೆಕ್ಕದಲ್ಲೇ.

ಮೇಲ್ಪದರಕ್ಕೆ ಬೇಕಾದದ್ದು ಸವಳು ಮಣ್ಣು. ಹೊಲಕ್ಕೆ ಶಾಪವಾದ ಅದರ ಗುಣವೇ ಮಾಳಿಗೆಗೆ ವರ. ಸೋಡಿಯಂ ಹೆಚ್ಚಿರುವ ಈ ಮಣ್ಣು ನೆನೆದಾಗ ಅದರ ಸೂಕ್ಷ್ಮ ಕಣಗಳು ಚೆದುರಿ ರಂಧ್ರಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಹುಲ್ಲೂ ಸುಲಭವಾಗಿ ಬೇರೂರುವುದಿಲ್ಲ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯ ನಾಡಿಗೆ ಇದು ಸಾಕು. ಆದರೆ ಮುಂಗಾರಿಗೆ ಮುನ್ನ ಹೊಸ ಮಣ್ಣು ಹಾಕುತ್ತಾ ಹೋದಂತೆ ಭಾರ ಏರುತ್ತದೆ. ಹಳೆಯದನ್ನು ಕೆದರಿ ತೆಗೆಯದಿದ್ದರೆ ಜಂತಿ ಬಾಗುತ್ತದೆ. ಮಾಳಿಗೆ ಉಳಿಯಬೇಕಾದರೆ ಮನೆತುಂಬ ದುಡಿಯುವ ಕೈಗಳಿರಬೇಕು.

  

ಮನೆಯ ಒಳಗೇ, ಪಡಸಾಲೆಗಿಂತ ತಗ್ಗಿನ ನೆಲದಲ್ಲಿ ಎತ್ತು, ಆಕಳುಗಳ ಜಾಗ. ಜೋಳ ಇರುತ್ತಿದ್ದದ್ದು ಹಗೇವಿನಲ್ಲಿ: ಬಾಯಿ ಕಿರಿದು, ಹೊಟ್ಟೆ ಅಗಲ, ಸುತ್ತ ಒಣಹುಲ್ಲು, ಮೇಲೆ ಬಂಡೆ ಮುಚ್ಚಿ ಮಣ್ಣಿನ ಮೆತ್ತಿಗೆ. ಒಳಗೆ ಗಾಳಿ ಉಸಿರಾಡಲು ಬಾರದಂತೆ ಕೆಡುವುದರಿಂದ ಹುಳು ಸಾಯುತ್ತದೆ. ಮನುಷ್ಯನೂ ಅವಸರದಲ್ಲಿ ಇಳಿದರೆ ಜೀವಕ್ಕೆ ಅಪಾಯ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿದ ಮೇಲೆಯೇ ಇಳಿಯಬೇಕು. ಬರ ಬಿದ್ದ ವರ್ಷ ಮನೆತನವನ್ನು ಉಳಿಸುತ್ತಿದ್ದದ್ದು ಈ ಕುಣಿಯೇ.

ಈ ಸೀಮೆಯನ್ನು ಆಳುತ್ತಿದ್ದ ಹೈದರಾಬಾದ್ ನಿಜಾಮರ ಆಳ್ವಿಕೆ 1948ರಲ್ಲಿ ಮುಗಿದರೂ ಮನೆಯ ವಿನ್ಯಾಸ ಕದಲಲಿಲ್ಲ. ಕದಲಿಸಿದ್ದು ನೀರು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿತು; 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಜೋಳದ ಹೊಲಗಳನ್ನು ಭತ್ತದ ಗದ್ದೆಗಳಾಗಿಸಿತು. ಆಂಧ್ರದಿಂದ ಬಂದ ರೈತರ ಹೊಸ ವಸತಿಗಳಾದ ಕ್ಯಾಂಪುಗಳು ಎದ್ದವು. ನೆಲದ ತೇವ ಏರಿದ ಕಡೆ ಹಗೇವು ಕೆಲಸಕ್ಕೆ ಬಾರದು. ಭತ್ತವಂತೂ ಮನೆಯಲ್ಲಿ ನಿಲ್ಲದೆ ಚೀಲದಲ್ಲಿ ಗಿರಣಿಗೆ ಹೋಯಿತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಜಾಗ ಬರಿದಾಯಿತು, ಅಣ್ಣತಮ್ಮಂದಿರು ಪಾಲಾದ ಮೇಲೆ ಮಾಳಿಗೆಗೆ ಮಣ್ಣು ಹೊರುವ ಕೈಗಳೂ ಕಡಿಮೆಯಾದವು. ಆರ್‌ಸಿಸಿ ಛಾವಣಿ ಬಂದದ್ದು ಹೀಗೆ ಕಾರಣ ಕಳೆದುಕೊಂಡಿದ್ದ ಮನೆಗೆ. ಅದನ್ನು ಕೇವಲ ಪಟ್ಟಣದ ಅನುಕರಣೆ ಎನ್ನುವ ವಿವರಣೆಯನ್ನು ನಾನು ಒಪ್ಪಲಾರೆ.

ಈಗ ಕೆಡವಿದ ಮನೆಯ ತೊಲೆ, ಬಾಗಿಲುಗಳಿಗೆ ಬೆಲೆ ಇದೆ, ಕೊಳ್ಳುವವರೂ ಇದ್ದಾರೆ. ಮಾಳಿಗೆಯ ಮಣ್ಣಿನ ಪದರಗಳನ್ನು ಮಾತ್ರ ಯಾರೂ ಅಳೆಯುವುದಿಲ್ಲ, ಹಗೇವಿನ ಆಳ ಬರೆದಿಡುವುದಿಲ್ಲ. ಜೆಸಿಬಿ ಬರುವ ಮುನ್ನ ಒಂದು ಅಳತೆಪಟ್ಟಿ, ಒಂದು ನಕಾಶೆ, ಮನೆಯ ಹಿರಿಯರ ಮಾತು ದಾಖಲಾಗಬೇಕು. ಊರ ಶಾಲೆಯ ಮಕ್ಕಳೂ ಮಾಡಬಲ್ಲ ಕೆಲಸ ಇದು.