ಎಡೆದೊರೆಯ ಕಲಹವೂ ಕಲಬುರಗಿಯ ಬಹಮನೀ ರಾಜ್ಯದ ಆರಂಭಕಾಲದ ವಿಸ್ತಾರವೂ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ಫಾರಸೀ ಚರಿತ್ರಕಾರರು ದೋಆಬ್ ಎಂದು ಕರೆದರು. ಅದಕ್ಕಿಂತ ಬಹು ಹಿಂದೆಯೇ ಕನ್ನಡಿಗರು ಅದನ್ನು ಎಡೆದೊರೆ ನಾಡು ಎಂದು ಕರೆಯುತ್ತಿದ್ದರು. ಎಡೆ, ತೊರೆ ಎಂಬೆರಡು ಶಬ್ದಗಳು ಸೇರುವಲ್ಲಿ ತಕಾರಕ್ಕೆ ದಕಾರವು ಆದೇಶವಾಗಿ ಬಂದು ಈ ರೂಪವು ಸಿದ್ಧಿಸಿದೆ. ಎರಡು ಹೆಸರುಗಳ ಅರ್ಥವೂ ಒಂದೇ. ಭಾಷೆಯು ಬೇರೆಯಾದರೂ ಅರ್ಥವು ಬದಲಾಗದಂತೆ, ಆಳುವ ವಂಶಗಳು ಬೇರೆ ಬೇರೆಯಾದರೂ ಈ ನಾಡಿಗಾಗಿ ನಡೆದ ಕಲಹವು ಬದಲಾಗಲಿಲ್ಲ. ಕ್ರಿ. ಶ. 1347ರಲ್ಲಿ ಸ್ಥಾಪಿತವಾಗಿ ಕಲಬುರಗಿಯನ್ನು ರಾಜಧಾನಿಯಾಗಿ ಪಡೆದ ಬಹಮನೀ ರಾಜ್ಯವು ತನ್ನ ಮೊದಲ ಎಪ್ಪತ್ತೈದು ವರ್ಷಗಳಲ್ಲಿ ನಡೆಸಿದ ಯುದ್ಧಗಳನ್ನು ಕೇವಲ ಮತದ್ವೇಷದ ಫಲವೆಂದು ಹೇಳುವ ವಾಡಿಕೆಯುಂಟು. ಈ ಅಭಿಪ್ರಾಯವು ಎಷ್ಟರ ಮಟ್ಟಿಗೆ ನಿಲ್ಲಬಲ್ಲುದೆಂಬುದು ವಿಚಾರಾರ್ಹವಾದ ವಿಷಯ.

ಮೊದಲು ಆಧಾರಗಳ ಬಲಾಬಲವನ್ನು ನೋಡಬೇಕು. ಈ ಕಾಲದ ಬಗ್ಗೆ ಹೆಚ್ಚಾಗಿ ಉದಾಹರಿಸಲ್ಪಡುವವನು ಫೆರಿಷ್ತಾ. ಇವನು ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾಹನ ಆಶ್ರಯದಲ್ಲಿ, 17ನೆಯ ಶತಮಾನದ ಆರಂಭದಲ್ಲಿ ಬರೆದವನು. ಎಂದರೆ ರಾಜ್ಯಸ್ಥಾಪನೆಯಾಗಿ ಎರಡೂವರೆ ಶತಮಾನಗಳು ಕಳೆದ ಮೇಲೆ. ಸಮಕಾಲೀನನಾದ ಇಸಾಮಿಯು ತನ್ನ ‘ಫುತೂಹ್-ಉಸ್-ಸಲಾತೀನ್’ ಕಾವ್ಯವನ್ನು 1350ರಲ್ಲಿಯೇ ಮುಗಿಸಿ ಮೊದಲನೆಯ ಸುಲ್ತಾನನಿಗೆ ಅರ್ಪಿಸಿದನು. ಹಸನನು ಗಂಗು ಎಂಬ ಬ್ರಾಹ್ಮಣನ ಸೇವಕನಾಗಿದ್ದನೆಂದೂ ಆ ಕೃತಜ್ಞತೆಯಿಂದಲೇ ವಂಶಕ್ಕೆ ಬಹಮನೀ ಎಂಬ ಹೆಸರು ಬಂದಿತೆಂದೂ ಫೆರಿಷ್ತಾ ಹೇಳುವ ಮನೋಹರವಾದ ಕಥೆಯು ಇಸಾಮಿಯಲ್ಲಿ ಇಲ್ಲ. ಬುಕ್ಕರಾಯನನ್ನು ಫೆರಿಷ್ತಾ ಕೃಷ್ಣರಾಯನೆಂದು ಕರೆಯುತ್ತಾನೆ. ನಾಣ್ಯಗಳಲ್ಲಿ ಮಹಮ್ಮದನೆಂದು ಸ್ಪಷ್ಟವಾಗಿರುವ ಎರಡನೆಯ ಮಹಮ್ಮದ್ ಷಾಹನನ್ನು ಮಹಮೂದನೆಂದು ಬರೆಯುತ್ತಾನೆ. ರಾಜರ ಹೆಸರಿನಲ್ಲಿಯೇ ಹೀಗೆ ಎಡವಿದವನು ಹೇಳುವ ಹತರ ಸಂಖ್ಯೆಗಳನ್ನು ಅಕ್ಷರಶಃ ನಂಬುವುದು ಯುಕ್ತವಲ್ಲ. ಆದರೂ ಅವನನ್ನು ಪೂರ್ತಿಯಾಗಿ ತ್ಯಜಿಸಲೂ ಆಗದು. ಯುದ್ಧಗಳ ನಿಮಿತ್ತಗಳನ್ನು ಇಷ್ಟು ವಿವರವಾಗಿ ಹೇಳುವವರು ಬೇರೆ ವಿರಳ. ಸಂಖ್ಯೆಗಳನ್ನು ಬಿಟ್ಟು ನಿಮಿತ್ತಗಳನ್ನು ಪರೀಕ್ಷಿಸುವುದೇ ಸರಿಯಾದ ಮಾರ್ಗ.

ಎಡೆದೊರೆಯ ಪೂರ್ವವೃತ್ತಾಂತವನ್ನು ಲಕ್ಷ್ಯಕ್ಕೆ ತಂದುಕೊಂಡರೆ ವಿಷಯವು ಮತ್ತಷ್ಟು ಸ್ಪಷ್ಟವಾಗುತ್ತದೆ. 11ನೆಯ ಶತಮಾನದಲ್ಲಿ ರಾಜೇಂದ್ರಚೋಳನು ತಾನು ಗೆದ್ದ ನಾಡುಗಳನ್ನು ಎಣಿಸುವಾಗ ಎಡೆದೊರೆಯ ಹೆಸರನ್ನೇ ಮೊದಲು ಹೇಳಿಸಿಕೊಂಡಿದ್ದಾನೆ. ಕಲ್ಯಾಣದ ಚಾಲುಕ್ಯರಿಗೂ ಚೋಳರಿಗೂ ನಡೆದ ದೀರ್ಘಕಲಹದಲ್ಲಿ ಈ ನಾಡು ಮುಖ್ಯವಾದ ರಣಭೂಮಿಗಳಲ್ಲಿ ಒಂದಾಗಿತ್ತು. ಚಾಲುಕ್ಯರ ಪತನಾನಂತರ ಸೇವುಣರೂ ಹೊಯ್ಸಳರೂ ಇದೇ ಗಡಿಪ್ರದೇಶಕ್ಕಾಗಿ ಹೋರಾಡಿದರು. ಸೊರಟೂರಿನಲ್ಲಿ ಇಮ್ಮಡಿ ಬಲ್ಲಾಳನು ಸೇವುಣ ಭಿಲ್ಲಮನನ್ನು ಸೋಲಿಸಿದುದು ಪ್ರಸಿದ್ಧವಾಗಿದೆ. 1294ರಲ್ಲಿ ಕಾಕತೀಯರ ಅಧಿಕಾರಿಯು ರಾಯಚೂರಿನ ಕೋಟೆಯನ್ನು ಕಟ್ಟಿಸಿದನೆಂದು ಅಲ್ಲಿಯ ಶಾಸನವು ಹೇಳುತ್ತದೆ. 41 ಅಡಿಗಳಿಗೂ ಮೀರಿದ ಉದ್ದದ ಒಂದೇ ಶಿಲೆಯ ಮೇಲೆ ಆ ಶಾಸನವು ಇಂದಿಗೂ ನಿಂತಿದೆ. ಚೋಳ, ಚಾಲುಕ್ಯ, ಸೇವುಣ, ಹೊಯ್ಸಳ, ಕಾಕತೀಯ ಇವರೆಲ್ಲರೂ ವೈದಿಕಧರ್ಮವನ್ನು ಪೋಷಿಸಿದವರೇ ಆಗಿದ್ದರು. ಇವರ ನಡುವೆ ಈ ನಾಡಿಗಾಗಿ ರಕ್ತವು ಹರಿಯಲು ಮತಭೇದವು ಬೇಕಾಗಿರಲಿಲ್ಲ. ಎರಡು ನದಿಗಳ ನೀರು, ಎರೆಯ ನೆಲ, ರಾಯಚೂರು ಮುದ್ಗಲ್ಲುಗಳಂತಹ ಬೆಟ್ಟದ ಕೋಟೆಗಳು ಇವೇ ಸಾಕಾಗಿದ್ದುವು.

ಬಹಮನೀ ವಿಜಯನಗರಗಳು ಹೆಚ್ಚುಕಡಿಮೆ ಸಮವಯಸ್ಕ ರಾಜ್ಯಗಳು. ಸಂಗಮನ ಪುತ್ರರು 1346ರಲ್ಲಿ ಶೃಂಗೇರಿಯಲ್ಲಿ ಒಟ್ಟುಗೂಡಿ ದಾನಮಾಡಿದುದಕ್ಕೆ ಶಾಸನವಿದೆ. ಮರುವರ್ಷವೇ, 1347ರ ಆಗಸ್ಟ್ ತಿಂಗಳಿನಲ್ಲಿ, ದೌಲತಾಬಾದಿನಲ್ಲಿ ದಂಗೆಯೆದ್ದ ಅಮೀರರು ಹಸನನನ್ನು ಅಲ್ಲಾವುದ್ದೀನ್ ಬಹಮನ್ ಷಾ ಎಂಬ ಬಿರುದಿನೊಡನೆ ಸಿಂಹಾಸನದ ಮೇಲೆ ಕುಳ್ಳಿರಿಸಿದರು. ಎರಡೂ ರಾಜ್ಯಗಳು ದಿಲ್ಲಿಯ ತುಘಲಕ್ ಪ್ರಭುತ್ವವು ಕುಸಿದಾಗ ಹುಟ್ಟಿದುವು. 1351ರಲ್ಲಿ ಮಹಮ್ಮದ್ ತುಘಲಕನು ತೀರಿಕೊಂಡ ಮೇಲೆ ಅವನ ಉತ್ತರಾಧಿಕಾರಿ ಫಿರೋಜನು ದಕ್ಷಿಣವನ್ನು ಮರಳಿ ಪಡೆಯುವ ಪ್ರಯತ್ನಕ್ಕೆ ಕೈಹಾಕಲಿಲ್ಲ. ಹೀಗೆ ಹಳೆಯ ಸಾಮ್ರಾಜ್ಯದ ಭಯವು ನಿವಾರಣೆಯಾದೊಡನೆ ಹೊಸ ರಾಜ್ಯಗಳೆರಡೂ ಪರಸ್ಪರ ಮುಖಾಮುಖಿಯಾಗಿ ನಿಂತುವು. ವಿಜಿಗೀಷುವಿನ ಗಡಿಗೆ ಅಂಟಿಕೊಂಡ ರಾಜನು ಸಹಜಶತ್ರುವೆಂದೂ ಆ ಶತ್ರುವಿನ ಆಚೆಯವನು ಮಿತ್ರನೆಂದೂ ಕೌಟಿಲ್ಯನು ಹೇಳಿದ ಮಂಡಲನ್ಯಾಯವು ಇಲ್ಲಿ ಚೆನ್ನಾಗಿ ಅನ್ವಯಿಸುತ್ತದೆ. ಕಲಬುರಗಿಗೆ ದಕ್ಷಿಣದಲ್ಲಿ ವಿಜಯನಗರವೂ ಪೂರ್ವದಲ್ಲಿ ತೆಲಂಗಾಣದ ಕಾಪಯನಾಯಕನೂ ಗಡಿಯ ಅರಿಗಳಾದರು. ಅವರಿಬ್ಬರಿಗೂ ಪರಸ್ಪರ ಸ್ನೇಹವು ಬೆಳೆದುದು ಈ ನ್ಯಾಯಕ್ಕೆ ಅನುಗುಣವಾಗಿಯೇ ಇದೆ.

ಹಸನನು ರಾಜಧಾನಿಯನ್ನು ದೌಲತಾಬಾದಿನಿಂದ ಕಲಬುರಗಿಗೆ ತಂದುದರಲ್ಲಿ ಈ ದೃಷ್ಟಿಯು ಕಾಣುತ್ತದೆ. ದೌಲತಾಬಾದು ದಿಲ್ಲಿಯಿಂದ ಬರುವ ದಂಡಿಗೆ ಎದುರಾಗಿತ್ತು. ಕಲಬುರಗಿಯು ದಕ್ಷಿಣದ ಗಡಿಗೆ ಸಮೀಪವಾಗಿತ್ತು. ಭೀಮೆಯನ್ನೂ ಕೃಷ್ಣೆಯನ್ನೂ ದಾಟಿದರೆ ಎಡೆದೊರೆಯು ಕೈಗೆಟಕುತ್ತಿತ್ತು. ನಾಣ್ಯಗಳಲ್ಲಿ ಅಹಸನಾಬಾದ್ ಎಂದು ಕರೆಸಿಕೊಂಡ ಈ ಪಟ್ಟಣದ ಕೋಟೆಯೊಳಗಣ ಜುಮ್ಮಾ ಮಸೀದಿಯ ಶಾಸನದಲ್ಲಿ ಹಿಜರಿ 769, ಎಂದರೆ ಕ್ರಿ. ಶ. 1367, ಎಂಬ ಕಾಲವೂ ಕಜವೀನಿನ ರಫೀ ಎಂಬವನ ಹೆಸರೂ ಇವೆ. ಸುಮಾರು 216 ಅಡಿ ಉದ್ದ, 176 ಅಡಿ ಅಗಲವಾದ ಈ ಕಟ್ಟಡಕ್ಕೆ ತೆರೆದ ಅಂಗಳವೇ ಇಲ್ಲ. ಸಮಸ್ತ ಸ್ಥಳವೂ ಮಾಳಿಗೆ ಗುಮ್ಮಟಗಳಿಂದ ಆವೃತವಾಗಿದೆ. ಇದರ ಕಾಲವು ಎಡೆದೊರೆಯ ಮೊದಲ ಮಹಾಯುದ್ಧದ ಕಾಲವೇ ಆಗಿರುವುದು ಗಮನಾರ್ಹ.

ಆ ಯುದ್ಧದ ನಿಮಿತ್ತಗಳನ್ನು ಫೆರಿಷ್ತಾನೇ ಹೀಗೆ ಹೇಳುತ್ತಾನೆ. ಮೊದಲನೆಯ ಮಹಮ್ಮದ್ ಷಾ (1358-1375) ತನ್ನ ಹೆಸರಿನ ಚಿನ್ನದ ನಾಣ್ಯಗಳನ್ನು ಹೊರಡಿಸಿದಾಗ, ವಿಜಯನಗರ ತೆಲಂಗಾಣಗಳ ರಾಜರ ಪ್ರೇರಣೆಯಿಂದ ರಾಜ್ಯದೊಳಗಿನ ಸರಾಫರು ಅವನ್ನು ಕರಗಿಸಿಬಿಡುತ್ತಿದ್ದರು; ಆ ರಾಜರ ಹೊನ್ನುಗಳೇ ಚಲಾವಣೆಯಲ್ಲಿ ಉಳಿಯಬೇಕೆಂಬುದು ಉದ್ದೇಶವಾಗಿತ್ತು. ಸುಲ್ತಾನನು ಸರಾಫರನ್ನು ಕೊಲ್ಲಿಸಿದನು. ಬಳಿಕ ತೆಲಂಗಾಣದ ಮೇಲೆ ದಂಡೆತ್ತಿ ಗೋಲಕೊಂಡೆಯನ್ನು ಪಡೆದನು. ಫಿರೋಜೀ ಸಿಂಹಾಸನವೂ ಅಲ್ಲಿಂದಲೇ ಕಲಬುರಗಿಗೆ ಬಂದಿತು. ಅನಂತರ ಒಂದು ಉತ್ಸವದಲ್ಲಿ ಗಾಯಕರಿಗೆ ಕೊಡಬೇಕಾದ ಸಂಭಾವನೆಯನ್ನು ವಿಜಯನಗರದ ಬೊಕ್ಕಸದ ಮೇಲೆ ಹುಂಡಿಯಾಗಿ ಬರೆದು ಕಳುಹಿಸಿದನು. ಬುಕ್ಕರಾಯನು ದೂತನನ್ನು ಅವಮಾನಿಸಿ ಕಳುಹಿಸಿ, ತುಂಗಭದ್ರೆಯನ್ನು ದಾಟಿ ಮುದ್ಗಲ್ಲನ್ನು ಹಿಡಿದನು. ನಾಣ್ಯದ ಅಧಿಕಾರ, ಕಪ್ಪದ ಹಕ್ಕು, ಕೋಟೆಯ ಸ್ವಾಮ್ಯ ಇವು ಮೂರೂ ರಾಜಾಧಿಕಾರದ ಪ್ರಶ್ನೆಗಳು. ಮತದ ಭಾಷೆಯನ್ನು ಫೆರಿಷ್ತಾ ಧಾರಾಳವಾಗಿ ಬಳಸುತ್ತಾನೆ, ನಿಜ. ಆದರೆ ಅವನು ಕೊಡುವ ಕಾರಣಗಳು ಆ ಭಾಷೆಗೆ ಒಳಗಾಗುವುದಿಲ್ಲ.

ಈ ಯುದ್ಧದ ಅಂತ್ಯವು ಆರಂಭಕ್ಕಿಂತಲೂ ಮುಖ್ಯವಾದುದು. ಯುದ್ಧದಲ್ಲಿ ಶಸ್ತ್ರಹೀನರಾದ ಪ್ರಜೆಗಳನ್ನು ಎರಡು ಕಡೆಯವರೂ ಕೊಂದ ಮೇಲೆ, ಬುಕ್ಕರಾಯನ ರಾಯಭಾರಿಗಳು ಈ ವಧೆಯನ್ನು ನಿಲ್ಲಿಸಬೇಕೆಂದು ವಾದಿಸಿದರು. ಗೆದ್ದ ಮೇಲೆ ನಿರಾಯುಧರನ್ನು ಕೊಲ್ಲುವುದಿಲ್ಲವೆಂದು ಸುಲ್ತಾನನು ತನ್ನ ಪರವಾಗಿಯೂ ತನ್ನ ವಂಶದವರ ಪರವಾಗಿಯೂ ಒಪ್ಪಿಕೊಂಡನು. ಅಂದಿನಿಂದ ದಕ್ಷಿಣದಲ್ಲಿ ಇದೇ ಪದ್ಧತಿಯಾಯಿತೆಂದು ಫೆರಿಷ್ತಾ ಹೇಳುತ್ತಾನೆ. ಆದರೆ ಅಹಮದ್ ಷಾಹನು 1423ರ ದಂಡಯಾತ್ರೆಯಲ್ಲಿ ವಿಜಯನಗರದ ಪ್ರಜೆಗಳನ್ನು ಕೊಲ್ಲಿಸಿದ ವೃತ್ತಾಂತವನ್ನು ಬರೆದವನೂ ಅದೇ ಫೆರಿಷ್ತಾ. ಆದುದರಿಂದ ಪದ್ಧತಿಯು ನಿರಂತರವಾಗಿ ನಡೆಯಿತೆಂಬ ಮಾತು ಅವನ ಗ್ರಂಥದಿಂದಲೇ ಖಂಡಿತವಾಗುತ್ತದೆ. ಹಾಗೆಂದು ಒಪ್ಪಂದವು ನಿರರ್ಥಕವೆನ್ನಲಾಗದು. ಮುರಿಯಲ್ಪಟ್ಟ ನಿಯಮವೂ ನಿಯಮವೇ. ಅದು ಇದ್ದುದರಿಂದಲೇ ಮುರಿದವನ ಕೃತ್ಯವು ಅತಿಕ್ರಮವೆಂದು ಗುರುತಿಸಲ್ಪಡುತ್ತದೆ. ಸರಿಸುಮಾರು ಇದೇ ಕಾಲದಲ್ಲಿ, 1368ರಲ್ಲಿ, ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಇದ್ದ ವಿವಾದವನ್ನು ತೀರ್ಮಾನಿಸಿದುದು ಶ್ರವಣಬೆಳಗೊಳದ ಶಾಸನದಿಂದ ತಿಳಿಯುತ್ತದೆ. ಹೊರಗಿನ ಶತ್ರುವಿನೊಡನೆ ಮಾತು, ಒಳಗಿನ ಪಂಗಡಗಳ ನಡುವೆ ಸಂಧಾನ ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬುಕ್ಕನ ರಾಜನೀತಿಯ ಸ್ವರೂಪವು ಗೋಚರವಾಗುತ್ತದೆ.

ಮುಂದಿನ ಕಥೆಯು ಏರಿಳಿತಗಳಿಂದ ತುಂಬಿದೆ. ಮುಜಾಹಿದನು 1378ರಲ್ಲಿ ತನ್ನ ಚಿಕ್ಕಪ್ಪನಾದ ದಾವೂದನ ಸಂಚಿನಿಂದ ಹತನಾದನು. ಎರಡನೆಯ ಮಹಮ್ಮದನು 1397ರ ವರೆಗೆ ಶಾಂತಿಯಿಂದ ಆಳಿದನು. ಅರಸರು ಒಂದೇ ವಂಶದವರಾಗಿದ್ದರೂ, ಪ್ರಜೆಗಳ ಮತಗಳು ಮೊದಲಿದ್ದವೇ ಆಗಿದ್ದರೂ, ಸುಮಾರು ಎರಡು ದಶಕಗಳ ಕಾಲ ದೊಡ್ಡ ಯುದ್ಧವು ನಡೆಯಲಿಲ್ಲವೆಂಬುದು ಮತವೇ ಕಾರಣವೆಂಬ ವಾದಕ್ಕೆ ಬಲವಾದ ಬಾಧಕ. ಫಿರೋಜ್ ಷಾ (1397-1422) ಮೊದಲನೆಯ ದೇವರಾಯನಿಂದ ಬಂಕಾಪುರವನ್ನು ಪಡೆದನೆಂದು ಹೇಳಲಾಗಿದೆ. ಆದರೆ ಪಾನಗಲ್ಲಿನ ದೀರ್ಘವಾದ ಮುತ್ತಿಗೆಯಲ್ಲಿ ಅವನ ದಂಡು ರೋಗದಿಂದ ಕ್ಷಯಿಸಿ, 1420ರ ಸುಮಾರಿಗೆ ಪರಾಜಯವನ್ನು ಅನುಭವಿಸಿತು. 1422ರಲ್ಲಿ ತಮ್ಮನಾದ ಅಹಮದನು ಪಟ್ಟವನ್ನು ಕಸಿದುಕೊಂಡನು. ಆ ವರ್ಷವೇ ಖಾಜಾ ಬಂದೇನವಾಜ್ ಗೇಸುದರಾಜರೂ ಕಲಬುರಗಿಯಲ್ಲಿ ಕಾಲವಾದರು. ಕೆಲವೇ ವರ್ಷಗಳಲ್ಲಿ ರಾಜಧಾನಿಯು ಬೀದರಿಗೆ ಹೋಯಿತು.

ಕಲಬುರಗಿಯಿಂದ ಹುಮನಾಬಾದಿನ ಮೂಲಕ ಬೀದರಿಗೆ ಹೋಗುವ ಇಂದಿನ ಹೆದ್ದಾರಿಯು, ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನು ಹಾಯ್ದು ಹೋಗುತ್ತದೆ. ಈ ದಿಕ್ಕಿನಲ್ಲಿ ಪ್ರಯಾಣಮಾಡುವವನಿಗೆ ರಾಜಧಾನಿಯ ಸ್ಥಾನಾಂತರದ ಅರ್ಥವು ತಿಳಿಯುತ್ತದೆ: ಬಯಲಿನ ಎರೆಭೂಮಿಯು ಹಿಂದೆ ಸರಿದು, ಕೆಂಪುಮಣ್ಣಿನ ಎತ್ತರದ ನೆಲವು ಮುಂದೆ ಬರುತ್ತದೆ. ಗಡಿಯ ಬಳಿಯ ಬಯಲನ್ನು ಬಿಟ್ಟು ರಾಜ್ಯದ ನಡುವಿನ ಎತ್ತರವನ್ನು ಆರಿಸಿಕೊಂಡುದು, ದಕ್ಷಿಣದ ಗಡಿಯನ್ನು ಒಮ್ಮೆಲೇ ಮುಂದೆ ತಳ್ಳುವ ಆಸೆಯು ಕುಂಠಿತವಾದುದರ ಲಕ್ಷಣವೆಂದು ಹೇಳಬಹುದು. ಇದೇ ಹೆಸರಿನ ಮತ್ತೊಂದು ಕಮಲಾಪುರವು ವಿಜಯನಗರದ ಮಗ್ಗುಲಲ್ಲಿ, ದೊಡ್ಡ ಕೆರೆಯೊಂದಿಗೆ ಇದೆ. ಎರಡು ವೈರಿ ರಾಜಧಾನಿಗಳ ನೆರೆಯಲ್ಲಿ ಒಂದೇ ಹೆಸರಿನ ಊರುಗಳಿರುವುದು ಆಕಸ್ಮಿಕವೇ ಸರಿ. ಆದರೂ ಗಡಿಯ ಎರಡು ಕಡೆಗಳಲ್ಲಿಯೂ ಊರುಗಳಿಗೆ ಹೆಸರಿಟ್ಟ ಪ್ರಜೆಗಳ ನುಡಿಯ ಸಂಸ್ಕಾರವು ಒಂದೇ ಆಗಿತ್ತೆಂಬುದಕ್ಕೆ ಇದು ಉದಾಹರಣೆಯಾಗುತ್ತದೆ.

ಹೊಸ ರಾಜ್ಯಗಳ ಈ ಸ್ವಭಾವವು ದೇಶವಿಶೇಷಕ್ಕೆ ಸೀಮಿತವಲ್ಲ. ಉತ್ತರ ಅಮೆರಿಕದ ಸಂಯುಕ್ತ ಸಂಸ್ಥಾನಗಳು 1783ರ ಒಪ್ಪಂದದಿಂದ ಇಂಗ್ಲೆಂಡಿನಿಂದ ಮನ್ನಣೆಯನ್ನು ಪಡೆದು, 1803ರಲ್ಲಿ ಫ್ರಾನ್ಸಿನಿಂದ ಲೂಯಿಸಿಯಾನವನ್ನು 150 ಲಕ್ಷ ಡಾಲರುಗಳಿಗೆ ಕೊಂಡುವು; 1812ರಲ್ಲಿ ಹಳೆಯ ಪ್ರಭುವಿನೊಡನೆಯೇ ಯುದ್ಧಮಾಡಿ, 1814ರ ಗೆಂಟ್ ಒಪ್ಪಂದದಲ್ಲಿ ಗಡಿಗಳನ್ನು ಯುದ್ಧಕ್ಕೆ ಮುಂಚೆ ಇದ್ದಂತೆಯೇ ಉಳಿಸಿಕೊಂಡುವು. ಅಲ್ಲಿಯೂ ವಿಸ್ತಾರದ ಭಾರವು ಬಿದ್ದುದು ಒಪ್ಪಂದಗಳಲ್ಲಿ ಕೇಳಲ್ಪಡದ ಮೂಲನಿವಾಸಿಗಳ ಮೇಲೆ. ಆದರೆ ಒಂದು ಭೇದವು ವಿಚಾರಣೀಯ. ಹೊಸ ಭೂಮಿಯನ್ನು ಹಳೆಯ ಸಂಸ್ಥಾನಗಳಿಗೆ ಸಮಾನವಾದ ಸಂಸ್ಥಾನಗಳಾಗಿ ಸೇರಿಸಿಕೊಳ್ಳುವ ಕ್ರಮವನ್ನು ಆ ರಾಷ್ಟ್ರವು 1787ರಲ್ಲಿಯೇ ವಿಧಿಸಿಕೊಂಡಿತು. ಬಹಮನೀ ರಾಜ್ಯವು ತನ್ನ ಭೂಮಿಯನ್ನು ಕಲಬುರಗಿ, ದೌಲತಾಬಾದು, ವರಾಡ, ಬೀದರ ಎಂಬ ನಾಲ್ಕು ತರಫುಗಳಾಗಿ ವಿಂಗಡಿಸಿ, ದಂಡನ್ನೂ ಕಂದಾಯವನ್ನೂ ಒಬ್ಬೊಬ್ಬ ತರಫದಾರನ ಕೈಯಲ್ಲಿ ಇಟ್ಟಿತು. ನಾಲ್ಕನ್ನು ಎಂಟಾಗಿ ಒಡೆದು ಈ ಬಲವನ್ನು ಕುಗ್ಗಿಸಲು ಯತ್ನಿಸಿದ ಮಹಮೂದ್ ಗವಾನನು 1481ರಲ್ಲಿ ಮರಣದಂಡನೆಗೆ ಗುರಿಯಾದನು. ಕೊನೆಗೆ ರಾಜ್ಯವು ಐದು ಹೋಳಾಗಿ, ಎಡೆದೊರೆಯ ಕಲಹವು ಬಿಜಾಪುರದ ಪಾಲಿಗೆ ಬಂದಿತು.

ಇದರಿಂದ ಸಿದ್ಧವಾಗುವುದಿಷ್ಟು: ಬಹಮನೀ ರಾಜ್ಯದ ಆರಂಭಕಾಲದ ಯುದ್ಧಗಳಲ್ಲಿ ಮತವು ಉತ್ಸಾಹವನ್ನೂ ಭಾಷೆಯನ್ನೂ ಒದಗಿಸಿತು, ಕಾರಣವನ್ನು ಒದಗಿಸಿದುದು ಎಡೆದೊರೆಯ ನೆಲ, ನಾಣ್ಯ, ಕಪ್ಪಗಳು. ಆ ರಾಜ್ಯವನ್ನು ಕೊನೆಗೆ ಒಡೆದುದು ವಿಜಯನಗರದ ಖಡ್ಗವಲ್ಲ. ಗೆದ್ದ ಭೂಮಿಯನ್ನು ಹಂಚಿಕೊಂಡ ರೀತಿಯೇ. ಪಾಠಶಾಲೆಗಳಲ್ಲಿ ಈ ಕಾಲವನ್ನು ಬೋಧಿಸುವವರು ಫೆರಿಷ್ತಾನ ಹತಸಂಖ್ಯೆಗಳನ್ನು ಒಪ್ಪಿಸುವುದಕ್ಕೆ ಬದಲಾಗಿ, ಅವನೇ ದಾಖಲಿಸಿದ ಆ ಒಪ್ಪಂದವನ್ನೂ ರಾಯಚೂರಿನ ಶಿಲಾಶಾಸನವನ್ನೂ ಶ್ರವಣಬೆಳಗೊಳದ ಶಾಸನವನ್ನೂ ವಿದ್ಯಾರ್ಥಿಗಳ ಮುಂದೆ ಒಟ್ಟಿಗೆ ಇಟ್ಟರೆ, ಎಡೆದೊರೆಯ ಕಥೆಯು ಅವರಿಗೆ ಯಥಾರ್ಥವಾಗಿ ತಿಳಿಯುವುದು.