ಟಿ206 ಬೇಸ್‌ಬಾಲ್ ಕಾರ್ಡುಗಳು

ಅಮೆರಿಕದಲ್ಲಿ 1909ರಿಂದ 1911ರವರೆಗೆ ಸಿಗರೇಟು ಪ್ಯಾಕುಗಳೊಳಗೆ ಬಂದ, ಬೇಸ್‌ಬಾಲ್ ಆಟಗಾರರ ಬಣ್ಣದ ಚಿತ್ರಗಳಿರುವ ಪುಟ್ಟ ಕಾರ್ಡುಗಳ ಸರಣಿ. ಹೊರತಂದದ್ದು ಅಮೆರಿಕನ್ ಟೊಬ್ಯಾಕೊ ಕಂಪನಿ. ಪ್ಯಾಕಿನಲ್ಲಿ ಸಿಗರೇಟು ಮುರಿಯದಿರಲೆಂದು ರಟ್ಟಿನ ತುಂಡು ಇಡುವ ರೂಢಿ 19ನೆಯ ಶತಮಾನದಲ್ಲೇ ಇತ್ತು. ಅದರ ಮೇಲೆ ಚಿತ್ರ ಅಚ್ಚಾದದ್ದೇ ತಡ, ರಟ್ಟೇ ಗಿರಾಕಿಗಳನ್ನು ಸೆಳೆಯತೊಡಗಿತು. ಸರಣಿಯಲ್ಲಿ ಒಟ್ಟು 524 ಕಾರ್ಡುಗಳಿವೆಯೆಂಬುದು ಸಂಗ್ರಾಹಕರ ಲೆಕ್ಕ. ಹಿಂಬದಿಯಲ್ಲಿ ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಮೊದಲಾದ ಸಿಗರೇಟುಗಳ ಜಾಹೀರಾತು ಇರುತ್ತದೆ. ಆಟಗಾರ ಒಬ್ಬನೇ ಆದರೂ ಹಿಂಬದಿ ಬೇರೆಯಾದರೆ ಬೆಲೆಯೂ ಬೇರೆ.

ಸರಣಿಯ ಕೀರ್ತಿಯೆಲ್ಲ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಹೋನಸ್ ವ್ಯಾಗ್ನರ್ ಕಾರ್ಡಿನದು. ಕಿತ್ತಳೆ ಛಾಯೆಯ ಹಿನ್ನೆಲೆ, ನಡುಬೈತಲೆ, ಎದೆಯ ಮೇಲೆ ಊರಿನ ಹೆಸರು. ಇದರ ಮುದ್ರಣ ಬೇಗನೆ ನಿಂತಿತು. ಮಕ್ಕಳು ತನ್ನ ಚಿತ್ರಕ್ಕಾಗಿ ತಂಬಾಕು ಕೊಳ್ಳಬಾರದೆಂದು ಆತ ತಡೆದ ಎನ್ನುವವರೂ ಇದ್ದಾರೆ, ಹಣ ಸಿಗದ್ದರಿಂದ ಎನ್ನುವವರೂ ಇದ್ದಾರೆ. ಆತ ತಂಬಾಕು ಜಗಿಯುತ್ತಿದ್ದವನೇ ಆದ್ದರಿಂದ ಈ ವಾದ ಇನ್ನೂ ಮುಗಿದಿಲ್ಲ.

ಚದುರಿಹೋಗಿದ್ದ ಈ ಕಾಗದಗಳನ್ನು ಒಂದು ಕ್ರಮಕ್ಕೆ ತಂದ ಶ್ರೇಯ ಸಲ್ಲಬೇಕಾದದ್ದು ಸಿರಾಕ್ಯೂಸ್ ನಗರದ ಕಾರ್ಖಾನೆ ನೌಕರ ಜೆಫರ್ಸನ್ ಬರ್ಡಿಕ್‌ಗೆ (1900–1963). ಕಾರ್ಡುಗಳನ್ನು ಬಗೆಬಗೆಯಾಗಿ ವಿಂಗಡಿಸಿ ಅವರು ಸಿದ್ಧಪಡಿಸಿದ ಸೂಚಿಯಲ್ಲಿ 20ನೆಯ ಶತಮಾನದ ತಂಬಾಕು ಕಾರ್ಡುಗಳಿಗೆ ‘ಟಿ’ ಅಕ್ಷರ ಬಂತು. ಈ ಸರಣಿಯ ಹೆಸರು ಹುಟ್ಟಿದ್ದು ಹಾಗೆ. 1947ರಿಂದ ಅವರು ತಮ್ಮ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ದಾನವಾಗಿ ಕೊಡತೊಡಗಿದರು. ಒಟ್ಟು ಮೂರು ಲಕ್ಷಕ್ಕೂ ಹೆಚ್ಚು ಮುದ್ರಿತ ಚೂರುಗಳು. ಸಂಧಿವಾತದಿಂದ ಕೈ ಸೊಟ್ಟಗಾಗುತ್ತಿದ್ದರೂ ತಾವೇ ಕೂತು ಆಲ್ಬಮ್ಮುಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು, ಮಾರ್ಚಿನಲ್ಲಿ ತೀರಿಕೊಂಡರು. ಈ ಹವ್ಯಾಸದ ಚರಿತ್ರೆಯಲ್ಲಿ ಇಷ್ಟು ನಿಸ್ವಾರ್ಥವಾದ ದುಡಿಮೆ ಮತ್ತೊಂದಿಲ್ಲ.

ಹಣದ ಕಾಲ ಆಮೇಲೆ ಬಂತು. 1991ರಲ್ಲಿ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಪಾಲುದಾರನೊಬ್ಬನ ಜೊತೆ ಸೇರಿ ಒಂದು ವ್ಯಾಗ್ನರ್ ಕಾರ್ಡನ್ನು 4,51,000 ಡಾಲರಿಗೆ ಕೊಂಡರು. ಅದು 2007ರಲ್ಲಿ 28 ಲಕ್ಷ ಡಾಲರಿಗೆ ಕೈಬದಲಾಯಿತು. ಅದರ ಅಂಚು ಚೂಪಾಗಿ ಕಾಣಲೆಂದು ತಾನೇ ಕತ್ತರಿಸಿದ್ದಾಗಿ ಹಿಂದಿನ ಮಾರಾಟಗಾರ 2013ರಲ್ಲಿ ಒಪ್ಪಿಕೊಂಡ. ಸವೆದ ಮೂಲೆಯನ್ನು ದೋಷವೆಂದು ಬೆಲೆ ಇಳಿಸುವ ಪೇಟೆಯಲ್ಲಿ ಇಂಥ ವಂಚನೆಗೆ ಆಸೆ ಹುಟ್ಟುವುದು ಸಹಜ. 2022ರಲ್ಲಿ ಇನ್ನೊಂದು ವ್ಯಾಗ್ನರ್ 72.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಸಾಮಾನ್ಯ ಸಂಗ್ರಾಹಕರು ಅತ್ತ ಹೋಗುವುದಿಲ್ಲ. ವ್ಯಾಗ್ನರ್, ಎಡ್ಡಿ ಪ್ಲ್ಯಾಂಕ್, ಹೆಸರು ತಪ್ಪಾಗಿ ಅಚ್ಚಾದ ಮ್ಯಾಗೀ, ತಂಡದ ಲೀಗು ತಪ್ಪಾದ ಜೋ ಡಾಯ್ಲ್, ಈ ನಾಲ್ಕನ್ನು ಬಿಟ್ಟು ಉಳಿದ 520 ಕೂಡಿದರೆ ಸರಣಿ ಪೂರ್ಣವಾಯಿತೆಂದೇ ಅವರ ಎಣಿಕೆ.