ಕಣದ ರಾಶಿ, ಕೊಳಗದ ಲೆಕ್ಕ

ಸಂಕ್ರಾಂತಿ ಸಮೀಪಿಸುತ್ತಿದ್ದಂತೆ ನಾಡಿನ ಅನೇಕ ಶಾಲೆ, ಕಾಲೇಜುಗಳ ಅಂಗಳದಲ್ಲಿ, ಜಾನಪದ ಉತ್ಸವಗಳ ಬಯಲಿನಲ್ಲಿ ಸುಗ್ಗಿಯ ಕಣವೊಂದು ಮೈದಳೆಯುತ್ತದೆ. ಸಗಣಿ ಸಾರಿಸಿದ ನೆಲ, ರಂಗೋಲಿ, ನಡುವೆ ರಾಗಿಯ ರಾಶಿ, ಸುತ್ತ ಕಬ್ಬಿನ ಜಲ್ಲೆ, ಪಕ್ಕದಲ್ಲಿ ಮೊರ, ಒನಕೆ, ಕೊಳಗ. ವಿದ್ಯಾರ್ಥಿನಿಯರು ರಾಶಿಗೆ ಪೂಜೆ ಸಲ್ಲಿಸುತ್ತಾರೆ. ಅತಿಥಿಗಳು ಮೊರ ಹಿಡಿದು ಛಾಯಾಚಿತ್ರಕ್ಕೆ ನಿಲ್ಲುತ್ತಾರೆ. ಅದೇ ದಿನಗಳಲ್ಲಿ ಬಯಲುಸೀಮೆಯ ರಸ್ತೆಗಳ ಮೇಲೆ ರೈತರು ರಾಗಿ, ಹುರುಳಿ ಹರಡಿ ಬಸ್ಸು, ಲಾರಿಗಳ ಚಕ್ರಕ್ಕೆ ಒಕ್ಕಣೆಯ ಕೆಲಸ ಒಪ್ಪಿಸಿರುತ್ತಾರೆ. ಹಳ್ಳಿಯಲ್ಲಿ ಕಣ ಮಾಡುವವರು ಕಡಿಮೆಯಾದಂತೆ ಉತ್ಸವಗಳಲ್ಲಿ ಅದು ಹೆಚ್ಚಾಗಿ ಕಾಣಿಸತೊಡಗಿದೆ.

ಕಣ ಮಾಡುವುದೇ ಒಂದು ವಿದ್ಯೆಯಾಗಿತ್ತು. ಗಾಳಿ ಚೆನ್ನಾಗಿ ಬೀಸುವ ಎತ್ತರದ ಜಾಗ ಆರಿಸಿ, ಹುಲ್ಲು ಕೆತ್ತಿ, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡಿ, ಸಗಣಿ ಬಗ್ಗಡದಿಂದ ಸಾರಿಸಬೇಕು. ನೆಲ ಬಿರುಕು ಬಿಟ್ಟರೆ ರಾಗಿಯಂಥ ಸಣ್ಣ ಕಾಳು ಮಣ್ಣಿನ ಪಾಲು. ಕುಡುಗೋಲಿನಿಂದ ಕೊಯ್ದ ಬೆಳೆ ಮೊದಲು ಅರಿಯಾಗಿ ಹೊಲದಲ್ಲಿ ಒಣಗಿ, ಸಿವುಡಾಗಿ ಕಟ್ಟಿಸಿಕೊಂಡು, ಹೊರೆಯಾಗಿ ತಲೆಯೇರಿ, ಕಡೆಗೆ ಮೆದೆ ಸೇರುತ್ತಿತ್ತು. ಮಳೆ ಬಂದರೂ ನೀರು ಒಳಗಿಳಿಯದಂತೆ ಮೆದೆ ಒಟ್ಟುವುದು ಅನುಭವಸ್ಥರ ಕೆಲಸ.

ಕಣದ ನಡುವೆ ನೆಟ್ಟ ಕಂಬವೇ ಮೇಟಿ. ಊರಿನ ಮುಖ್ಯಸ್ಥನಿಗೂ ಮೇಟಿ ಎಂಬ ಹೆಸರಿದೆ. ಹಳೆ ಮೈಸೂರಿನ ಕಡೆ ಎತ್ತುಗಳಿಗೆ ರೋಣಗಲ್ಲು ಕಟ್ಟಿ ಸುತ್ತಿಸುವುದು ರೂಢಿ. ಉತ್ತರ ಕರ್ನಾಟಕದಲ್ಲಿ ಎತ್ತುಗಳನ್ನು ಒಂದರ ಪಕ್ಕ ಒಂದು ಕಟ್ಟಿ ಹಂತಿ ಹೂಡುತ್ತಿದ್ದರು. ಮೇಟಿಯ ಬಳಿಯ ಎತ್ತಿಗೆ ಸುತ್ತು ಕಿರಿದು, ಹೊರಗಿನದಕ್ಕೆ ಹಿರಿದು. ಆದ್ದರಿಂದ ನಿಧಾನದ ಎತ್ತು ಒಳಗೆ, ಚುರುಕಿನದು ಹೊರಗೆ. ರಾತ್ರಿಯಿಡೀ ಸಾಗುವ ಈ ಕೆಲಸದಲ್ಲಿ ನಿದ್ದೆ ಕಾಡದಿರಲೆಂದು ಹಾಡುತ್ತಿದ್ದ ಹಂತಿ ಹಾಡುಗಳು ಜನಪದ ಸಾಹಿತ್ಯದ ಒಂದು ಪ್ರಕಾರವಾಗಿಯೇ ಉಳಿದಿವೆ.

ಒಕ್ಕಿದ ಮೇಲೆ ತೂರುವ ಸರದಿ. ಗಾಳಿ ಮನುಷ್ಯನ ಮಾತು ಕೇಳುವುದಿಲ್ಲ. ಬೀಸಿದಾಗ ಎಲ್ಲ ಕೆಲಸ ಬಿಟ್ಟು ಕಣಕ್ಕೆ ಓಡಬೇಕು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯ ಹುಟ್ಟು ಇಲ್ಲಿಯದೇ. ಜೊಳ್ಳು ಹಾರಿ ಗಟ್ಟಿ ಕಾಳು ಒಂದೆಡೆ ಬಿದ್ದಾಗ ರಾಶಿ ಸಿದ್ಧ. ಸಗಣಿಯ ಬೆನಕನಿಗೆ ಗರಿಕೆ ಮುಡಿಸಿ ಪೂಜೆ ಮಾಡಿ, ಚಪ್ಪಲಿ ಕಳಚಿ, ಅಳೆಯಲು ಕೂರುತ್ತಿದ್ದರು. ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ಪದ್ಧತಿ.

ಉತ್ಸವದ ಕಣ ಸಾಮಾನ್ಯವಾಗಿ ಈ ಪೂಜೆಗೆ ನಿಲ್ಲುತ್ತದೆ. ನಿಜವಾದ ಕಣದ ಕಥೆ ಮುಂದುವರಿಯುವುದು ಅಳತೆಯಿಂದ. 1800 ಮತ್ತು 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ರಾಶಿ ಹಂಚಿಕೆಯನ್ನು ವಿವರವಾಗಿ ದಾಖಲಿಸಿದ್ದಾನೆ. ದೇವರಿಗೆ, ಪುರೋಹಿತರಿಗೆ, ಜೋಯಿಸರಿಗೆ, ಕುಂಬಾರ, ಕ್ಷೌರಿಕ ಮೊದಲಾದವರಿಗೆ, ಊರಿನ ಅಧಿಕಾರಿಗಳಿಗೆ ಸಲ್ಲುವುದೆಲ್ಲ ಸಂದ ಮೇಲೆ ಉಳಿದದ್ದರಲ್ಲಿ ಸರ್ಕಾರದ ಪಾಲು, ರೈತನ ಪಾಲು. ವರ್ಷವಿಡೀ ದುಡಿದ ಆಯಗಾರರಿಗೆ ಕಣವೇ ಸಂಬಳದ ಕಟ್ಟೆ. ಇದರಲ್ಲಿ ಪರಸ್ಪರ ಆಸರೆಯಿತ್ತು. ಆದರೆ ಪಾಲು ಸಮನಾಗಿರಲಿಲ್ಲ. ಹುಟ್ಟಿನ ಜಾತಿಯೇ ಕೆಲಸವನ್ನೂ ಕೂಲಿಯನ್ನೂ ಗೊತ್ತು ಮಾಡುತ್ತಿತ್ತು. ಕಣ ಗುಡಿಸಿದಾಗ ಸಿಕ್ಕುವ ಮಣ್ಣು ಬೆರೆತ ಕಾಳೇ ಕೆಲವರ ಪಾಲಿನದಾಗಿತ್ತು.

ಅಳತೆಯ ಪಾತ್ರೆಯೇ ಜಗಳದ ಮೂಲವಾದದ್ದೂ ಉಂಟು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕವಿದ್ದರೂ ಕೊಳಗದ ಗಾತ್ರ ಊರಿಂದೂರಿಗೆ ಬೇರೆಯಾಗುತ್ತಿತ್ತು. ಮಲೆನಾಡಿನ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಭೂಮಾಲೀಕರು ದೊಡ್ಡ ಕೊಳಗದಿಂದ ಗೇಣಿ ಭತ್ತ ಅಳೆದುಕೊಳ್ಳುತ್ತಾರೆಂದು ಗೇಣಿದಾರರು ತಿರುಗಿಬಿದ್ದರು. 1951ರ ಏಪ್ರಿಲ್‌ನಲ್ಲಿ ಆರಂಭವಾದ ಆ ಸತ್ಯಾಗ್ರಹದಲ್ಲಿ ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮುಂಚೂಣಿಯಲ್ಲಿದ್ದರು. ಜೂನ್‌ನಲ್ಲಿ ಅಲ್ಲಿಗೆ ಬಂದ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಅಳತೆಯ ತಕರಾರು ಮುಂದೆ ಉಳುವವನಿಗೇ ಭೂಮಿ ಸೇರಬೇಕೆಂಬ ಪ್ರಶ್ನೆಗೆ ಬಲ ನೀಡಿತು.

ಆ ಬಳಿಕ ಒಂದೊಂದಾಗಿ ಹಳೆಯ ಕಟ್ಟುಗಳು ಸಡಿಲಿದವು. 1956ರ ಕಾಯಿದೆಯಿಂದ ಮೆಟ್ರಿಕ್ ಅಳತೆ ಬಂದು ಕೊಳಗದ ಅಧಿಕಾರ ಕಿಲೋಗ್ರಾಂಗೆ ಹೋಯಿತು. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿತು. ದೇವರಾಜ ಅರಸು ಅವರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಗೆ ತೆರೆ ಎಳೆಯಿತು. ಕೊಯ್ದು, ಒಕ್ಕಿ, ತೂರುವ ಯಂತ್ರಗಳು ಬಂದ ಮೇಲೆ ಕಣದ ದುಡಿಮೆಯೂ ತಗ್ಗಿತು. ಸಣ್ಣ ರೈತನ ಮನೆಯಲ್ಲಿ ಎತ್ತುಗಳು ಉಳಿಯಲಿಲ್ಲ, ಆಳು ಸಿಕ್ಕಲಿಲ್ಲ. ಯಂತ್ರದ ಬಾಡಿಗೆ ಕೈಗೆಟುಕದವನಿಗೆ ಡಾಂಬರು ರಸ್ತೆಯೇ ಕಣವಾಯಿತು. ಹುಲ್ಲಿನ ಮೇಲೆ ಜಾರಿ ಬೀಳುವ ದ್ವಿಚಕ್ರ ಸವಾರರ ಸುದ್ದಿ ಪ್ರತಿ ಸುಗ್ಗಿಯಲ್ಲೂ ಬರುತ್ತದೆ. ದಂಡದ ಎಚ್ಚರಿಕೆಯೂ ಬರುತ್ತದೆ.

ಈ ಹಿನ್ನೆಲೆಯಲ್ಲಿ ಸುಗ್ಗಿ ಉತ್ಸವಗಳು ವ್ಯರ್ಥವೇನಲ್ಲ. ಮೆದೆ ಒಟ್ಟಬಲ್ಲ, ಗಾಳಿಯ ದಿಕ್ಕು ನೋಡಿ ತೂರಬಲ್ಲ ಹಿರಿಯರು ಇನ್ನೂ ಹಳ್ಳಿಗಳಲ್ಲಿದ್ದಾರೆ. ಅವರನ್ನು ವೇದಿಕೆಯ ಮುಂದೆ ಕುಳ್ಳಿರಿಸಿ ಶಾಲು ಹೊದಿಸುವುದಕ್ಕಿಂತ ಮಕ್ಕಳ ಎದುರು ಕಣಕ್ಕಿಳಿಸಿದರೆ ಆ ವಿದ್ಯೆ ಒಂದು ತಲೆಮಾರಿಗಾದರೂ ದಾಟೀತು. ಜೊತೆಗೆ, ಹೂ ಮುಡಿಸಿ ರಾಶಿಯ ಮೇಲಿಟ್ಟ ಕೊಳಗವನ್ನು ತೋರಿಸಿ ಇದರಿಂದ ಯಾರು ಅಳೆಯುತ್ತಿದ್ದರು, ಯಾರ ಪಾಲು ಎಷ್ಟಿತ್ತು, ಕಾಗೋಡಿನ ರೈತರು ಇದೇ ಕೊಳಗಕ್ಕಾಗಿ ಏಕೆ ಜೈಲಿಗೆ ಹೋದರು ಎಂಬುದನ್ನೂ ಹೇಳಬೇಕು. ಆಗ ರಾಶಿ ಪೂಜೆ ನೋಡಲು ಬಂದ ಮಗುವಿಗೆ ಕಾಳಿನ ಹಿಂದಿನ ಬೆವರೂ ಅರ್ಥವಾದೀತು.